ಅರಮನೆಯಿಂದ ಜಗಲಿಗೆ ಬಂದ ವೀಣೆ

ಮಕ್ಕಳೇ, ವೀಣೆಯನ್ನು ನೀವೆಲ್ಲ ಸರಸ್ವತಿಯ ಪಟದಲ್ಲಿ ನೋಡಿದ್ದೀರಿ. ಆದರೆ ಅದರ ನಾದವನ್ನು ಕಿವಿಯಾರೆ ಕೇಳಿದವರು ನಿಮ್ಮಲ್ಲಿ ಎಷ್ಟು ಜನ? ಒಮ್ಮೆ ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ. ನಮ್ಮ ಅರಕೆರೆಯಲ್ಲಿ ರೇಡಿಯೊ ಇದ್ದ ಮನೆಗಳೇ ಕಡಿಮೆ. ಅಂಥ ಮನೆಯ ಜಗಲಿಯಲ್ಲಿ ಕುಳಿತು ನಾವು ಬೆಂಗಳೂರು ಆಕಾಶವಾಣಿ ಕೇಳುತ್ತಿದ್ದೆವು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಎಂದರೆ ಸಾಕು, ಹಿರಿಯರು ನಮ್ಮ ಗಲಾಟೆಯನ್ನು ಗದರಿ ನಿಲ್ಲಿಸುತ್ತಿದ್ದರು. ವೀಣೆಯ ದನಿ ಸಣ್ಣದು. ಸುತ್ತಲಿನವರು ಸುಮ್ಮನಿದ್ದರೆ ಮಾತ್ರ ಕೇಳುತ್ತದೆ.

ದೊರೆಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1920ರಲ್ಲಿ, ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ. ತಂದೆ ವೆಂಕಟೇಶ ಅಯ್ಯಂಗಾರರೇ ಮೊದಲ ಗುರು. ಆಮೇಲೆ ಮೈಸೂರಿನಲ್ಲಿ ವೀಣೆ ವೆಂಕಟಗಿರಿಯಪ್ಪನವರ ಬಳಿ ಪಾಠ. ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ ಶಿಷ್ಯರು. 12ರ ಹುಡುಗನಾಗಿದ್ದಾಗಲೇ ದೊರೆಸ್ವಾಮಿ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಎದುರು ವೀಣೆ ನುಡಿಸಿದರು.

ವಿದ್ಯೆ ಸುಮ್ಮನೆ ಬರುವುದಿಲ್ಲ, ಎಲ್ಲಿ ಹೋದರೂ ಅಷ್ಟೇ. ದೂರದ ಹವಾಯಿ ದ್ವೀಪಗಳಲ್ಲಿ ಗಿಟಾರಿನ ಕೆಲವು ತಂತಿಗಳನ್ನು ಸಡಿಲಿಸಿ, ಬೇರೆ ಶ್ರುತಿಗೆ ತಂದು, ಬೆರಳಿನಿಂದ ಮೀಟುವ ಹಳೆಯ ಪದ್ಧತಿಯೊಂದಿದೆ. ಎಷ್ಟೋ ಮನೆತನಗಳು ತಮ್ಮ ಶ್ರುತಿಯ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ರೇ ಕಾನೆ ಎಂಬ ಹುಡುಗ ಸಮುದ್ರದಲ್ಲಿ ಹಿಡಿದ ಮೀನನ್ನು ಗುರುವಿಗೆ ಕೊಟ್ಟು ಪಾಠ ಹೇಳಿಸಿಕೊಂಡ. ಮುಂದೆ ಅವರು ಆ ಪದ್ಧತಿಯ ದೊಡ್ಡ ಕಲಾವಿದರಾದರು. ಕಲಿತದ್ದನ್ನು ಮುಚ್ಚಿಡದೆ ಹಲವರಿಗೆ ಕಲಿಸಿದರು.

ನಮ್ಮ ಮೈಸೂರಿನ ವೀಣೆಗೂ ಒಂದು ಕಷ್ಟಕಾಲ ಬಂತು. ವಿದ್ವಾಂಸರನ್ನು ಸಾಕಿದ್ದು ಅರಮನೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. 1947ರ ನಂತರ ರಾಜರ ಆಳ್ವಿಕೆಯೇ ಹೋಯಿತು. ಇನ್ನು ಈ ವಿದ್ಯೆಯನ್ನು ಕೇಳುವವರು ಯಾರು, ಪೋಷಿಸುವವರು ಯಾರು? ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿ ಸೇರಿದರು. ರಾಜರು ಕೇಳುತ್ತಿದ್ದ ವೀಣೆಯನ್ನು ನಮ್ಮಂಥ ಊರಿನ ರೈತರೂ ಕೇಳುವಂತಾಯಿತು.

ಅವರ ಶೈಲಿ ಯಾವುದು? ಮೈಸೂರು ಬಾನಿ. ವೀಣೆಗೆ 24 ಮೆಟ್ಟಿಲು, ನುಡಿಸಲು 4 ತಂತಿ, ತಾಳಕ್ಕೆ 3 ತಂತಿ. ತಂಜಾವೂರಿನ ಕಡೆಯವರು ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುವುದು ಹೆಚ್ಚು. ಅದು ಹಾಡುಗಾರಿಕೆಗೆ ಹತ್ತಿರ. ಮೈಸೂರಿನಲ್ಲಿ ಎಡಗೈಯ ತೋರುಬೆರಳು, ನಡುಬೆರಳು ಬೇರೆಬೇರೆಯಾಗಿ ಮೆಟ್ಟಿಲುಗಳ ಮೇಲೆ ಓಡಾಡುತ್ತವೆ. ಒಂದೊಂದು ಸ್ವರವೂ ಪೋಣಿಸಿದ ಮುತ್ತಿನ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ. ಅಯ್ಯಂಗಾರರ ಮೀಟು ಮೃದು. ಅಬ್ಬರವಿಲ್ಲ, ಅವಸರವಿಲ್ಲ.

ಬಾನಿಯನ್ನು ಬಿಡದವರು ಹೊಸದಕ್ಕೆ ಬಾಗಿಲು ಹಾಕಿದರೆಂದು ತಿಳಿಯಬೇಡಿ. ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದಿನ ಜೊತೆ ಜುಗಲ್‌ಬಂದಿ ನುಡಿಸಿದರು. ನಮ್ಮ ಮೇಲುಕೋಟೆಯ ಪು.ತಿ.ನ. ಅವರ ಗೇಯನಾಟಕಕ್ಕೆ ಸಂಗೀತ ಜೋಡಿಸಿದರು. 1983ರಲ್ಲಿ ಪದ್ಮಭೂಷಣ, ಮರುವರ್ಷ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂದವು. 1997ರಲ್ಲಿ ಅವರು ತೀರಿಕೊಂಡರು. ಮಗ ಬಾಲಕೃಷ್ಣ ಅವರು ಅದೇ ಬಾನಿಯನ್ನು ಮುಂದುವರಿಸಿದರು.

ಈ ಭಾನುವಾರ ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ಅಯ್ಯಂಗಾರರ ವೀಣೆಯನ್ನು ಹುಡುಕಿ, ತಾತ ಅಜ್ಜಿಯರ ಪಕ್ಕದಲ್ಲಿ ಕುಳಿತು ಕೇಳಿ. ಟಿ.ವಿ. ಆರಿಸಿ, ಫ್ಯಾನನ್ನೂ ನಿಲ್ಲಿಸಿ. ಮೊದಲು ರಾಗ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ತಾನ ಬರುತ್ತದೆ. ಅಲ್ಲಿ ಮೃದಂಗವಿಲ್ಲದಿದ್ದರೂ ಕುದುರೆ ನಡಿಗೆಯಂಥ ಲಯವಿರುತ್ತದೆ. ಕಡೆಗೊಮ್ಮೆ ಮೀಟಿದ ತಂತಿಯ ನಾದ ಎಲ್ಲಿಯವರೆಗೆ ಕೇಳಿಸುತ್ತದೆ, ನೋಡಿ. ನಿಮಗೆ ನಿಂತಿತು ಅನ್ನಿಸಿದ ಮೇಲೂ ನಿಮ್ಮ ತಾತ ಕಣ್ಣು ಮುಚ್ಚಿಕೊಂಡೇ ಇದ್ದರೆ ಎಬ್ಬಿಸಬೇಡಿ. ಅವರು ನಿದ್ದೆ ಮಾಡುತ್ತಿಲ್ಲ.