ಮಣ್ಣಿನ ಏರಿ, ಗೋದೆಯ ನೆರೆ

ಪಂಚವಟಿಯಲ್ಲಿ ನೆಲೆಸಿದ ನಾವು ಕನ್ನಡಿಗರೂ ಮಳೆಗಾಲದಲ್ಲಿ ಊರವರಂತೆಯೇ ವಿಚಾರಿಸುತ್ತೇವೆ: ರಾಮಕುಂಡದ ಬಳಿಯ ದುತೋಂಡ್ಯಾ ಮಾರುತಿಗೆ ನೀರು ಮೊಣಕಾಲಿಗೆ ಬಂದಿದೆಯೋ, ಕೊರಳಿಗೋ? ಆದರೆ ಗೋದೆಯ ನೆರೆಯನ್ನು ತಡೆಹಿಡಿಯುವುದು ಮೇಲಿನ ಗಂಗಾಪುರದ ಅಣೆಕಟ್ಟು. 1965ರಲ್ಲಿ ಮುಗಿದ ಈ ಕಟ್ಟೆ ಮಣ್ಣಿನದು. ನಮ್ಮೂರ ಕೆರೆಯ ಏರಿಗೆ ಹಿರಿಯಣ್ಣನೆನ್ನಬಹುದು.

ಮಣ್ಣಿನ ಏರಿಯ ನೆತ್ತಿ ದಾಟಿ ನೀರು ಹರಿದರೆ ಮಣ್ಣು ಕೊಚ್ಚಿಹೋಗಿ ಏರಿಯೇ ಒಡೆದೀತು. ಅದಕ್ಕೆಂದೇ ಕೆರೆಗೆ ಕೋಡಿ, ಅಣೆಕಟ್ಟಿಗೆ ಬಾಗಿಲು. ಒಡಲಲ್ಲಿ ಜಾಗವಿರುವ ತನಕ ಅದು ನೆರೆಯನ್ನು ತಡೆಯುತ್ತದೆ. ತುಂಬಿದ ಮೇಲೆ ಬಂದ ನೀರನ್ನು ಕೆಳಗೆ ಬಿಡಲೇಬೇಕು. 2008ರ ಸೆಪ್ಟೆಂಬರಿನಲ್ಲಿಯೂ 2019ರ ಆಗಸ್ಟಿನಲ್ಲಿಯೂ ನಾಸಿಕದ ಘಾಟುಗಳು ಮುಳುಗಿದವು.

ಆದ್ದರಿಂದ, ವಾಚಕ ಬಂಧುಗಳೇ, ನೀರು ಬಿಡುವ ಸೂಚನೆ ಬಂದೊಡನೆ ಮಕ್ಕಳನ್ನೂ ವಾಹನಗಳನ್ನೂ ಘಾಟಿನಿಂದ ದೂರವಿಡೋಣ. ಏರಿ ನಮ್ಮನ್ನು ಕಾಯಬೇಕಾದರೆ ಹೊಳೆಗೆ ಹೊಳೆಯ ದಾರಿಯನ್ನು ನಾವು ಬಿಟ್ಟುಕೊಡಬೇಕು.