ನಲ್ಲಿಗೆ ಬರುವ ಮುನ್ನ ಕಾವೇರಿ

ಬೆಂಗಳೂರಿನ ಶ್ರೀರಾಂಪುರದ ನಲ್ಲಿಗಳಿಗೆ ಬರುವ ಕಾವೇರಿ ಹುಟ್ಟುವುದು ಕೊಡಗಿನ ಬ್ರಹ್ಮಗಿರಿ ಬೆಟ್ಟದ ತಲಕಾವೇರಿಯಲ್ಲಿ. ಗಂಗೆಯಂತೆ ಹಿಮದ ಆಸರೆ ಇದಕ್ಕಿಲ್ಲ; ಮಳೆಯೇ ಜೀವ.

ಕುಶಾಲನಗರದ ಬಳಿಯ ದುಬಾರೆಯಲ್ಲಿ ಈ ಹೊಳೆಗೆ ಎರಡು ಮುಖ. ಬೇಸಗೆಯಲ್ಲಿ ಬಂಡೆಗಳು ತಲೆಯೆತ್ತುತ್ತವೆ, ಅಲ್ಲಿನ ಶಿಬಿರದ ಆನೆಗಳ ಸ್ನಾನ ನೋಡಲು ಜನ ಸೇರುತ್ತಾರೆ. ಮುಂಗಾರು ಹಿಡಿದರೆ ಅದೇ ಬಂಡೆಗಳ ಮೇಲೆ ನೀರು ನುಗ್ಗಿ ಸುಳಿಯೆಬ್ಬಿಸುತ್ತದೆ. ಆಗಲೇ ರಾಫ್ಟಿಂಗ್‌ನ ಸುಗ್ಗಿ. ಲೈಫ್ ಜಾಕೆಟ್, ಹೆಲ್ಮೆಟ್ ಇಲ್ಲದೆ ದೋಣಿ ಹತ್ತಲೇಬಾರದು. ಈಜು ಬರುತ್ತದೆಂಬ ಧೈರ್ಯ ಇಲ್ಲಿ ಸಾಲದು, ಮುಳುಗಿದ ಬಂಡೆ ಕಣ್ಣಿಗೆ ಬೀಳುವುದಿಲ್ಲ.

ದುಬಾರೆಯಿಂದ ಕೆಳಗೆ ಹರಿದು ಕೃಷ್ಣರಾಜಸಾಗರ ಅಣೆಕಟ್ಟು ದಾಟಿದ ಮೇಲೆ, ನಗರಕ್ಕೆ ಬರುವ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳು ಸುಮಾರು 500 ಮೀಟರ್ ಮೇಲೆತ್ತಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ತಲುಪಿಸುತ್ತವೆ. ಈ ಕಾವೇರಿ ನೀರು ಪೂರೈಕೆ ಯೋಜನೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ.