ಹಸಿರು ಅರ್ಥವ್ಯವಸ್ಥೆಯಲ್ಲಿ ಸ್ತ್ರೀಯರ ಸ್ಥಾನ

ಭೂಮಿಯ ಸಾರವನ್ನು ಕುಂದಿಸದೆ, ನೀರು ಅರಣ್ಯಗಳನ್ನು ಮುಂದಿನ ಪೀಳಿಗೆಗೂ ಉಳಿಸುತ್ತ ನಡೆಯುವ ಜೀವನೋಪಾಯಗಳ ಏರ್ಪಾಡಿಗೆ ಇಂದು 'ಹಸಿರು ಅರ್ಥವ್ಯವಸ್ಥೆ' ಎಂಬ ಹೆಸರು ರೂಢಿಗೆ ಬಂದಿದೆ. ಅದರಲ್ಲಿ ಸ್ತ್ರೀಯರ ಪಾಲೇನೆಂದು ಕೇಳಿದರೆ ಬಿತ್ತನೆ, ಕಳೆ, ಕೊಯ್ಲುಗಳನ್ನು ಎಲ್ಲರೂ ಹೆಸರಿಸುವರು. ಆದರೆ ದುಡಿಮೆಯ ಪಾಲು ಬೇರೆ, ನಿರ್ಣಯದ ಪಾಲು ಬೇರೆ. ಯಾವ ಬೆಳೆಯನ್ನಿಡಬೇಕು, ಬಂದ ಧಾನ್ಯವು ಯಾರಿಗೆ ಸಲ್ಲಬೇಕು ಎಂಬುದನ್ನು ಗೊತ್ತುಮಾಡುವ ಅಧಿಕಾರವೇ ನಾಯಕತ್ವವು. ಇದಕ್ಕೆ ನಿದರ್ಶನವನ್ನು ನಾವು ದೂರ ಅರಸಬೇಕಾಗಿಲ್ಲ. ಬೀದರ ಜಿಲ್ಲೆಯ ಗಡಿಗೆ ಹೊಂದಿರುವ, ಪಶ್ಚಿಮ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿಯೇ ಅದು ದೊರೆಯುತ್ತದೆ.

ಅದು ಮಳೆಯನ್ನೇ ನಂಬಿದ ಬೆದ್ದಲು ಸೀಮೆ. 1983ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರವು ಕಿಲೋ ಒಂದಕ್ಕೆ 2 ರೂಪಾಯಿಯಂತೆ ಅಕ್ಕಿಯನ್ನು ಕೊಡತೊಡಗಿತು. ಅಕ್ಕಿಯು ಹಸಿವನ್ನು ನೀಗಿಸಿತು, ನಿಜ. ಆದರೆ ಜೋಳ, ನವಣೆ, ಸಾವೆಗಳ ಬೇಸಾಯಕ್ಕೆ ಬಲ ತಗ್ಗಿ ಎಷ್ಟೋ ಹೊಲಗಳು ಬೀಳುಬಿದ್ದವು. ಅದೇ ವರ್ಷ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಹುಟ್ಟಿತು. ಮೈಸೂರಿನವರಾದ ಪಿ. ವಿ. ಸತೀಶ್ ಅವರು ಅದರ ಸ್ಥಾಪಕರಲ್ಲೊಬ್ಬರು. ಅದರ ಗ್ರಾಮಸಂಘಗಳ ಸದಸ್ಯೆಯರಾದರೋ ಬಹುಪಾಲು ಬಡ ದಲಿತ ಸ್ತ್ರೀಯರು.

ಬೀಳು ಹೊಲವನ್ನು ಹದಗೊಳಿಸಲು ಸಂಘವು ಸಾಲ ಕೊಡುವುದು. ಸಾಲಗಾರರು ಅದನ್ನು ನಗದಿನಲ್ಲಲ್ಲದೆ ಜೋಳದಲ್ಲಿ ತೀರಿಸುವುದು. ಆ ಜೋಳವನ್ನು ಊರಲ್ಲಿಯೇ ಕೂಡಿಟ್ಟು ಬಡಮನೆಗಳಿಗೆ ಅಗ್ಗದ ಬೆಲೆಯಲ್ಲಿ ಹಂಚುವುದು - ಇದು 1990ರ ದಶಕದಲ್ಲಿ ಅವರು ನಡೆಸಿದ ಧಾನ್ಯನಿಧಿಯ ಕ್ರಮ. ಯಾವ ಮನೆಯಲ್ಲಿ ಬಡತನ ಹೆಚ್ಚೆಂಬುದನ್ನು ಊರವರೇ ಕುಳಿತು ನಿಶ್ಚಯಿಸಿದರು. ಹೀಗೆ ಊರಿನ ಕೂಲಿಯು ಊರಲ್ಲಿ ಉಳಿಯಿತು. ಕಾಳು ಮನೆಗೆ, ದಂಟು ದನಕ್ಕೆ, ಗೊಬ್ಬರವು ಮರಳಿ ಹೊಲಕ್ಕೆ ಸಂದವು.

ಇದರ ಮೂಲವು ಬೀಜದಲ್ಲಿದೆ. ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೇವಿನೆಲೆಗಳೊಡನೆ ಬುಟ್ಟಿಯಲ್ಲಿ ಕಾಯುವವರು ಸ್ತ್ರೀಯರೇ. ಬೀಜವನ್ನು ಕಡ ಪಡೆದವರು ಸುಗ್ಗಿಯಲ್ಲಿ ಪಡೆದುದಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವರು. ಒಂದೇ ಹೊಲದಲ್ಲಿ ಹಲವು ಬಗೆಯ ಬೆಳೆಗಳಿರುವುದರಿಂದ ಮಳೆ ತಪ್ಪಿ ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುವುದು. ಪ್ರತಿ ವರ್ಷ ಬೀಜಕ್ಕಾಗಿ ಅಂಗಡಿಯ ಸಾಲವನ್ನು ಹೊರುವ ಕಷ್ಟವೂ ತಪ್ಪುವುದು.

2008ರಲ್ಲಿ ಈ ಸ್ತ್ರೀಯರದೇ ಸಂಘಂ ರೇಡಿಯೋ ಆರಂಭವಾಯಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಸಂದಿತು. ಸತೀಶರು 2023ರಲ್ಲಿ ಕಾಲವಾದರು. ಅದು ವಿಶ್ವಸಂಸ್ಥೆಯು ಸಿರಿಧಾನ್ಯಗಳಿಗೆ ಮೀಸಲಿರಿಸಿದ ವರ್ಷವಾಗಿತ್ತು.

ಆದರೂ 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಸ್ತ್ರೀಯರು ಶೇಕಡಾ 14ರಷ್ಟು ಮಾತ್ರ. ಹೊಲದಲ್ಲಿ ಹೆಸರಿಲ್ಲದವಳಿಗೆ ಸಾಲವೂ ಪರಿಹಾರವೂ ಸುಲಭವಾಗಿ ದೊರೆಯಲಾರವು. ಆದುದರಿಂದ ಸ್ತ್ರೀಯರನ್ನು ಹೊಗಳಿದರಷ್ಟೇ ಸಾಲದು. ಹೊಲದ ಪಟ್ಟೆಯಲ್ಲಿಯೂ ಊರಿನ ಸಭೆಯಲ್ಲಿಯೂ ಅವರಿಗೆ ಸ್ಥಾನವಿರಬೇಕು. ನಮ್ಮ ಶಾಲೆಗಳ ಬಾಲಿಕೆಯರು ಪದವಿಗಳನ್ನು ಪಡೆಯಲಿ. ಅದರೊಡನೆ ಅಜ್ಜಿಯ ಬೀಜದ ಬುಟ್ಟಿಯ ವಿದ್ಯೆಯನ್ನೂ ಕೇಳಿ ಬರೆದಿಡಲಿ. ಬರೆದಿಡದಿದ್ದರೆ ಆ ವಿದ್ಯೆಯು ಅಜ್ಜಿಯೊಡನೆಯೇ ಹೋಗುವುದು.